ತರಗತಿಯಲ್ಲಿ ಸಿನಿಮಾ ನಿಲ್ಲಿಸಬೇಕೆ?

ಪ್ರಶ್ನೆ: ಮೇಡಂ, ಪದವಿ ವಿದ್ಯಾರ್ಥಿಗಳಿಗೆ ಮನೋವಿಜ್ಞಾನ ಕಲಿಸುತ್ತೇನೆ. ಮಾನಸಿಕ ಕಾಯಿಲೆಗಳ ಪಾಠಕ್ಕೆ ಸಿನಿಮಾ ತೋರಿಸಿದರೆ ರೆಪ್ಪೆ ಬಡಿಯದೆ ನೋಡುತ್ತಾರೆ. ಪರೀಕ್ಷೆಯಲ್ಲಿ ಮಾತ್ರ ಸ್ಕಿಜೋಫ್ರೇನಿಯಾ ಎಂದರೆ ಒಬ್ಬರೊಳಗೆ ಇಬ್ಬರಿರುವುದು ಎಂದು ಬರೆಯುತ್ತಾರೆ. ಸಿನಿಮಾ ಬಿಟ್ಟುಬಿಡಲೇ?
– ಒಬ್ಬ ಉಪನ್ಯಾಸಕಿ

ಉತ್ತರ: ಬಿಡಬೇಡಿ, ತೋರಿಸುವ ಕ್ರಮ ಬದಲಿಸಿ. ನಾನು ಇಡೀ ಸಿನಿಮಾ ಹಾಕುವುದಿಲ್ಲ. ಐದಾರು ನಿಮಿಷದ ಒಂದು ದೃಶ್ಯ ಸಾಕು. ಕಾಯಿಲೆಯ ಹೆಸರನ್ನು ಯಾರೂ ಎತ್ತುವಂತಿಲ್ಲ. ಪಾತ್ರ ಹೇಗೆ ಕೂತಿದೆ, ಒಂದು ಮಾತಿಗೂ ಮುಂದಿನ ಮಾತಿಗೂ ಕೊಂಡಿ ಇದೆಯೇ, ಹೇಳುವ ಸಂಗತಿಗೂ ಮುಖಭಾವಕ್ಕೂ ತಾಳೆಯಾಗುತ್ತದೆಯೇ, ತನಗೇನೋ ಆಗಿದೆ ಎಂಬ ಅರಿವಿದೆಯೇ, ಇಷ್ಟನ್ನೇ ಬರೆಯಬೇಕು. ರೋಗಿಯ ಮನೋಸ್ಥಿತಿ ಪರೀಕ್ಷೆಯಲ್ಲಿ ಗಮನಿಸುವುದೂ ಇವನ್ನೇ. ಎರಡನೇ ಸಲ ಧ್ವನಿ ಅಡಗಿಸಿ ತೋರಿಸುತ್ತೇನೆ. ಹೆದರಿಸಿದ್ದು ಆ ಮನುಷ್ಯನೋ ಹಿನ್ನೆಲೆ ಸಂಗೀತವೋ ಎಂಬುದು ಆಗ ಅವರಿಗೇ ತಿಳಿಯುತ್ತದೆ. ‘ಹುಚ್ಚನಂತಿದ್ದಾನೆ’ ಎಂದು ಬರೆದ ಹುಡುಗಿ ಅದನ್ನು ಹೊಡೆದುಹಾಕಿ ‘ಕಣ್ಣಿಗೆ ಕಣ್ಣು ಕೊಡುತ್ತಿಲ್ಲ, ಉತ್ತರ ತಡವಾಗಿ ಬರುತ್ತದೆ’ ಎಂದು ಬರೆದಾಗ ನನಗಾಗುವ ಸಂತೋಷ ಹೇಳತೀರದು.

ಆಮೇಲೆ ಸಿನಿಮಾ ಎಲ್ಲಿ ದಾರಿ ತಪ್ಪಿದೆ ಎಂದು ಅವರಿಂದಲೇ ಹುಡುಕಿಸಿ. ನಿಮ್ಮ ತೊಂದರೆಗೆ ಮದ್ದು ಇರುವುದೇ ಇಲ್ಲಿ. 2001ರ ‘ಎ ಬ್ಯೂಟಿಫುಲ್ ಮೈಂಡ್’ ಚಿತ್ರದಲ್ಲಿ ಸ್ಕಿಜೋಫ್ರೇನಿಯಾ ಇದ್ದ ಗಣಿತಜ್ಞ ಜಾನ್ ನ್ಯಾಶ್‌ಗೆ ಇಲ್ಲದ ಮನುಷ್ಯರು ಕಣ್ಣೆದುರು ಕಾಣುತ್ತಾರೆ. ನಿಜಜೀವನದಲ್ಲಿ ನ್ಯಾಶ್‌ರನ್ನು ಕಾಡಿದ್ದು ಯಾರೂ ಮಾತಾಡದಿದ್ದರೂ ಕೇಳಿಸುವ ಧ್ವನಿಗಳು. ಸ್ಕಿಜೋಫ್ರೇನಿಯಾದಲ್ಲಿ ಹೆಚ್ಚು ಕಂಡುಬರುವುದೂ ಅದೇ. ಕ್ಯಾಮೆರಾಕ್ಕೆ ಧ್ವನಿಗಿಂತ ಮನುಷ್ಯ ಬೇಕು, ಅದಕ್ಕೇ ಈ ಬದಲಾವಣೆ. ಇನ್ನು ‘ಆಪ್ತಮಿತ್ರ’ದ ಗಂಗಾ ತನ್ನನ್ನು ನಾಗವಲ್ಲಿ ಎಂದುಕೊಳ್ಳುವುದು ಸ್ಕಿಜೋಫ್ರೇನಿಯಾ ಅಲ್ಲ. ಒಬ್ಬರಲ್ಲಿ ಬೇರೆ ಬೇರೆ ವ್ಯಕ್ತಿತ್ವಗಳು ತಲೆದೋರುವ ಕಾಯಿಲೆಯೇ ಬೇರೆ, ಅದು ನೆನಪು, ‘ನಾನು ಯಾರು’ ಎಂಬ ಅರಿವು ಕಡಿದುಹೋಗುವ ವಿಚ್ಛೇದಕ (ಡಿಸೋಸಿಯೇಟಿವ್) ಕಾಯಿಲೆಗಳ ಗುಂಪಿಗೆ ಸೇರುತ್ತದೆ. ಅದೂ ಆ ಚಿತ್ರದಲ್ಲಿರುವಂತೆ ಒಂದು ರಾತ್ರಿಯ ನಾಟಕದಿಂದ ವಾಸಿಯಾಗುವಂಥದ್ದಲ್ಲ. ಎರಡೂ ದೃಶ್ಯಗಳನ್ನು ಒಂದರ ಹಿಂದೊಂದು ತೋರಿಸಿ ನೋಡಿ, ಪರೀಕ್ಷೆಯ ಆ ತಪ್ಪು ಕಡಿಮೆಯಾಗುತ್ತದೆ.

1975ರ ‘ಒನ್ ಫ್ಲೂ ಓವರ್ ದಿ ಕುಕೂಸ್ ನೆಸ್ಟ್’ ನೋಡಿದವರು ಮೆದುಳಿಗೆ ವಿದ್ಯುತ್ ಹಾಯಿಸುವ ಚಿಕಿತ್ಸೆ (ಇಸಿಟಿ) ಎಂದರೆ ಎಚ್ಚರವಿರುವ ರೋಗಿಯನ್ನು ಅದುಮಿ ಹಿಡಿದು ಕೊಡುವ ಶಿಕ್ಷೆ ಎಂದೇ ನಂಬುತ್ತಾರೆ. ಇಂದು ಅದನ್ನು ಅರಿವಳಿಕೆ ಕೊಟ್ಟು, ಸ್ನಾಯು ಸಡಿಲಿಸುವ ಔಷಧ ಕೊಟ್ಟು ಮಾಡುತ್ತಾರೆ. ತೀವ್ರ ಖಿನ್ನತೆಯಲ್ಲಿ ಅದು ಜೀವ ಉಳಿಸಿದ್ದುಂಟು. ಇದನ್ನು ತರಗತಿಯಲ್ಲಿ ಹೇಳದೆ ದೃಶ್ಯವನ್ನಷ್ಟೇ ತೋರಿಸುವುದು ನನಗೆ ಅನ್ಯಾಯವೆನಿಸುತ್ತದೆ.

ಕಾಲದ ಲೆಕ್ಕವನ್ನೂ ಕೇಳಿ. ಮಾನಸಿಕ ಕಾಯಿಲೆಗಳನ್ನು ಗುರುತಿಸಲು ಅಮೆರಿಕದ ಮನೋವೈದ್ಯರ ಸಂಘ ಹೊರತಂದ ಕೈಪಿಡಿ ಡಿಎಸ್‌ಎಂ-5ರ ಪ್ರಕಾರ ಖಿನ್ನತೆ ಎನ್ನಲು ಲಕ್ಷಣಗಳು ಕನಿಷ್ಠ 2 ವಾರ ಇರಬೇಕು, ಸ್ಕಿಜೋಫ್ರೇನಿಯಾಕ್ಕೆ 6 ತಿಂಗಳು. ಒಂದು ದೃಶ್ಯ ನೋಡಿ ಕಾಯಿಲೆಯ ಹೆಸರು ಹೇಳಲಾದೀತೇ?

ಇನ್ನೊಂದು ಮಾತು, ದಯವಿಟ್ಟು ಮರೆಯಬೇಡಿ. ನಿಮ್ಮೆದುರು ಕೂತ ಮಕ್ಕಳಲ್ಲೇ ಯಾರೋ ಔಷಧ ತೆಗೆದುಕೊಳ್ಳುತ್ತಿರಬಹುದು, ಇನ್ಯಾರದೋ ತಾಯಿಗೆ ಇದೇ ಕಾಯಿಲೆ ಇರಬಹುದು. ಏನು ತೋರಿಸುತ್ತೀರೆಂದು ಹಿಂದಿನ ದಿನವೇ ತಿಳಿಸಿ, ಎದ್ದು ಹೋಗುವವರನ್ನು ಕಾರಣ ಕೇಳಬೇಡಿ. ಆತ್ಮಹತ್ಯೆಯ ದೃಶ್ಯವನ್ನಂತೂ ನಾನು ತೋರಿಸುವುದೇ ಇಲ್ಲ. ಆ ಪಾಠಕ್ಕೆ ಮಾತೇ ಸಾಕು.