ಯುರು ಕ್ಯಾಂಪ್ ಜಾಗಗಳು ಒಂದೇ ದಿನದಲ್ಲಿ?

ಡಿಸೆಂಬರಲ್ಲಿ ಟೋಕಿಯೊದಿಂದ ಹೋಗಿ, ಹುಡುಗಿಯರು ಕ್ಯಾಂಪಿಂಗ್ ಮಾಡುವ ಜಪಾನಿ ಕಾರ್ಟೂನ್ ಸರಣಿ (ಅನಿಮೆ) ‘ಯುರು ಕ್ಯಾಂಪ್’ನ ಜಾಗಗಳನ್ನೆಲ್ಲ ಒಂದೇ ದಿನದಲ್ಲಿ ನೋಡಬಹುದಾ ಅಂತ ಕೇಳಿದ್ದೀರಿ. ಎಲ್ಲಾ ಆಗಲ್ಲ. ಮಿನೊಬು ಪಟ್ಟಣದ ಕಡೆ ಬಿಟ್ಟುಬಿಡಿ, ಫ್ಯೂಜಿ ಪರ್ವತದ ಹತ್ತಿರದ ಮೊಟೊಸು ಸರೋವರ ಒಂದೇ ಸಾಕು. ಟೋಕಿಯೊದ ಶಿಂಜುಕುವಿನಿಂದ ಕವಾಗುಚಿಕೊ ನಿಲ್ದಾಣಕ್ಕೆ ಬಸ್ಸಲ್ಲಿ ಸುಮಾರು 2 ಗಂಟೆ, ಅಲ್ಲಿಂದ ಇನ್ನೊಂದು ಬಸ್. ಈ ಎರಡನೇದು ಅಪರೂಪ. ವಾಪಸ್ ಬರುವ ಟೈಮ್ ಮೊದಲೇ ನೋಡಿಟ್ಟುಕೊಳ್ಳಿ, ನಾಲ್ಕೂವರೆಗೆಲ್ಲ ಸೂರ್ಯ ಮುಳುಗಿರುತ್ತಾನೆ.

ಬೇಸಿಗೆಯಲ್ಲಿ ಮೋಡದ ಹಿಂದೆ ಅವಿತಿರುವ ಫ್ಯೂಜಿ, ಚಳಿಗಾಲದ ಒಣಹವೆಯಲ್ಲಿ ಬುಡದವರೆಗೂ ಕಾಣುತ್ತೆ. ಸರೋವರದ ವಾಯವ್ಯ ದಡದಲ್ಲಿ, ಅನಿಮೆಯ ನಾಯಕಿ ರಿನ್ ಟೆಂಟ್ ಹಾಕಿದ ಕೋಆನ್ ಕ್ಯಾಂಪ್ ಕಡೆ, ಗಾಳಿಯಿಲ್ಲದ ಹೊತ್ತಲ್ಲಿ ನೀರೊಳಗೂ ಇನ್ನೊಂದು ಫ್ಯೂಜಿ! 2004ರ 1000 ಯೆನ್ ನೋಟಿನ ಹಿಂಬದಿಯ ಚಿತ್ರ ಇದೇ ಸರೋವರದ್ದು. ಎತ್ತರವೇನೋ ಬೆಂಗಳೂರಿನಷ್ಟೇ, ಸುಮಾರು 900 ಮೀಟರ್. ಅದನ್ನು ನಂಬಿ ಬರೀ ಸ್ವೆಟರಲ್ಲಿ ಹೋಗಬೇಡಿ, ಗ್ಲೌಸ್ ಬೇಕೇ ಬೇಕು.