ಐದು ತಿಂಗಳಾದರೂ ಕರುವಿಗೆ ಕೋಡು ಮೂಡಿಲ್ಲವೇಕೆ?

ಅಂಕೋಲೆಯ ಸಮೀಪದ ನಿಮ್ಮ ಮನೆಯಲ್ಲಿ ಕೋಡಿರುವ ಜರ್ಸಿ ಮಿಶ್ರತಳಿಯ ಹಸು ಕೃತಕ ಗರ್ಭಧಾರಣೆಯಿಂದ ಹಾಕಿದ ಹೆಣ್ಣುಗರುವಿಗೆ ಐದು ತಿಂಗಳು ತುಂಬಿದರೂ ಕೋಡು ಮೂಡಿಲ್ಲವೆಂದೂ, ಇದು ರೋಗವೋ ಪೋಷಣೆಯ ಕೊರತೆಯೋ ತಿಳಿಯುತ್ತಿಲ್ಲವೆಂದೂ, ಬೋಳು ದನಕ್ಕೆ ಹಾಲು ಕಡಿಮೆಯೆಂದು ಮನೆಯ ಹಿರಿಯರು ಅದನ್ನು ಮಾರಲು ಹೇಳುತ್ತಿದ್ದಾರೆಂದೂ ಬರೆದಿದ್ದೀರಿ. ನಾನು ಶಿರಸಿ ಭಾಗದಲ್ಲಿ ಪಶುವೈದ್ಯನಾಗಿ ಕೆಲಸ ಮಾಡಿ ನಿವೃತ್ತನಾದವನು. ನಮ್ಮ ಕೊಟ್ಟಿಗೆಯಲ್ಲಿ ಈಗಲೂ ನಾಲ್ಕು ದನಗಳಿವೆ, ಅವುಗಳಲ್ಲಿ ಒಂದು ಹುಟ್ಟು ಬೋಳು. ಈ ಒಂದು ಕಾರಣಕ್ಕಾಗಿ ಆ ಕರುವನ್ನು ದಯವಿಟ್ಟು ಮಾರಬೇಡಿ.

ಮೊದಲು ಅದರ ತಲೆಯನ್ನು ಮುಟ್ಟಿ ನೋಡಿ. ಕೋಡು ಬರಬೇಕಾದ ಕರುವಿನ ನೆತ್ತಿಯ ಎರಡು ಬದಿಗಳಲ್ಲಿ ಹುಟ್ಟಿದ ಕೆಲವೇ ವಾರಗಳಲ್ಲಿ ಗುಂಡಿಯಂಥ ಮೊಗ್ಗು ಬೆರಳಿಗೆ ಸಿಗುತ್ತದೆ, ಅದರ ಸುತ್ತ ಕೂದಲು ಸುಳಿಯಾಗಿ ತಿರುಗಿರುತ್ತದೆ. ಈ ಮೊಗ್ಗು ಮೊದಮೊದಲು ಚರ್ಮದೊಡನೆ ಅತ್ತಿತ್ತ ಜಾರುತ್ತದೆ. ಸುಮಾರು ಎರಡು ತಿಂಗಳಾಗುವಾಗ ತಲೆಬುರುಡೆಗೆ ಕೂಡಿಕೊಂಡು ಗಟ್ಟಿಯಾಗುತ್ತದೆ. ಹುಟ್ಟು ಬೋಳು ಕರುವಿನಲ್ಲಿ ಮೊಗ್ಗೂ ಇರುವುದಿಲ್ಲ, ಆ ಜಾಗದ ಕೂದಲು ನೇರವಾಗಿ ಮಲಗಿರುತ್ತದೆ, ನೆತ್ತಿ ದಿಬ್ಬದಂತೆ ಸ್ವಲ್ಪ ಚೂಪಾಗಿ ಎದ್ದಿರುತ್ತದೆ. ನಿಮ್ಮ ಕರು ಹಾಗಿದ್ದರೆ ಅದಕ್ಕೆ ಹಿಂಡಿ ಹೆಚ್ಚಿಸಿದರೂ ಕ್ಯಾಲ್ಸಿಯಂ ಕುಡಿಸಿದರೂ ಕೋಡು ಬರುವುದಿಲ್ಲ, ಬರಬೇಕಾಗಿಯೂ ಇಲ್ಲ.

ಇದು ತಂದೆಯಿಂದ ಬಂದ ಬಳುವಳಿ. ಕೋಡಿನ ವಿಷಯದಲ್ಲಿ ಪ್ರತಿಯೊಂದು ದನವೂ ತಾಯಿಯಿಂದ ಒಂದು, ತಂದೆಯಿಂದ ಒಂದು, ಹೀಗೆ ಎರಡು ವಂಶವಾಹಿಗಳನ್ನು ಪಡೆಯುತ್ತದೆ. ಬೋಳುತನದ ವಂಶವಾಹಿ ಪ್ರಬಲವಾದದ್ದು. ಎರಡರಲ್ಲಿ ಒಂದು ಬೋಳಿನದಾಗಿದ್ದರೂ ಕೋಡು ಬರುವುದಿಲ್ಲ. ಆದ್ದರಿಂದ ಕೋಡಿರುವ ದನದಲ್ಲಿ ಬೋಳಿನ ವಂಶವಾಹಿ ಅಡಗಿರಲು ಸಾಧ್ಯವಿಲ್ಲ. ನಿಮ್ಮ ಹಸುವಿಗೆ ಕೋಡಿದೆ, ಕರುವಿಗಿಲ್ಲ. ಅಂದಮೇಲೆ ಆ ಸಲ ಬಳಸಿದ ವೀರ್ಯದ ಹೋರಿಯೇ ಬೋಳಾಗಿತ್ತು. ವೀರ್ಯದ ಕಡ್ಡಿಯ ಮೇಲೆ ಹೋರಿಯ ಸಂಖ್ಯೆ ಅಚ್ಚಾಗಿರುತ್ತದೆ, ಗರ್ಭಧಾರಣೆ ಮಾಡಿದವರು ಅದನ್ನು ಬರೆದಿಟ್ಟಿದ್ದರೆ ಕೇಳಿ ತಿಳಿದುಕೊಳ್ಳಬಹುದು. ಈ ಹೆಣ್ಣುಗರು ಬೆಳೆದು ಬೆದೆಗೆ ಬಂದಾಗ ಕೋಡಿನ ಹೋರಿಯ ವೀರ್ಯ ಕೊಡಿಸಿದರೆ, ಹುಟ್ಟುವ ಕರು ಬೋಳಾಗುವ ಸಾಧ್ಯತೆ ಪ್ರತಿ ಸಲವೂ ಅರ್ಧಕ್ಕರ್ಧ.

ಈ ಬದಲಾವಣೆ ದನದ ಒಂದನೆಯ ವರ್ಣತಂತುವಿನಲ್ಲಿದೆ. ಯುರೋಪಿನ ತಳಿಗಳಲ್ಲಿ ಅದು ಎರಡು ಬೇರೆ ಬೇರೆ ಬಗೆಯಲ್ಲಿ ಉಂಟಾಗಿದೆಯೆಂದು 2012ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಆಂಗಸ್, ಗ್ಯಾಲೋವೇ ತಳಿಗಳು ಹುಟ್ಟಿನಿಂದಲೇ ಬೋಳು. ಜರ್ಸಿ, ಹೋಲ್‌ಸ್ಟೀನ್ ತಳಿಗಳಲ್ಲಿ ಬಹುಪಾಲು ಕೋಡಿನವು, ಆದರೆ ಅವುಗಳಲ್ಲಿಯೂ ಬೋಳು ವಂಶಗಳಿವೆ. ನಮ್ಮ ಓಂಗೋಲ್ ರಾಸುಗಳಿಂದ ಬ್ರೆಜಿಲ್‌ನಲ್ಲಿ ಬೆಳೆದುಬಂದ ನೆಲೋರೆ ತಳಿಯಲ್ಲಿಯೂ ಬೋಳು ವಂಶವೊಂದಿದೆ. ಹಾಗಾಗಿ ಇದು ವಿದೇಶಿ ರಕ್ತದ ದೋಷವೆಂದೂ ಹೇಳಲಾಗದು.

ಹಾಲಿನ ಮಾತಿಗೆ ಬರುತ್ತೇನೆ. ಕೋಡಿಲ್ಲದ ಮಾತ್ರಕ್ಕೆ ಹಾಲು ಕಡಿಮೆಯಾಗುವುದಿಲ್ಲ. ಹಾಲಿನ ತಳಿಗಳಲ್ಲಿ ಬೋಳು ಹೋರಿಗಳು ವಿರಳವಾಗಿದ್ದುದರಿಂದ ಅತಿ ಹೆಚ್ಚು ಹಾಲಿನ ವಂಶದ ಹೋರಿಗಳು ಬಹುಕಾಲ ಕೋಡಿನವೇ ಆಗಿದ್ದವು. ಹಿರಿಯರ ನಂಬಿಕೆಯನ್ನು ಸಮರ್ಥಿಸಲು ಸಿಗುವ ಸಂಗತಿ ಇಷ್ಟೇ. ನಿಮ್ಮ ಕರುವಿನ ಹಾಲು ಅದರ ಅಜ್ಜಿಯರ ಹಾಲನ್ನೂ ನೀವು ಹಾಕುವ ಮೇವನ್ನೂ ಅವಲಂಬಿಸಿದೆ.

ಬೋಳು ಕರುವಿಗೆ ಸಿಕ್ಕಿರುವ ದೊಡ್ಡ ಉಪಕಾರವೆಂದರೆ ಕೋಡು ಸುಡಿಸಿಕೊಳ್ಳುವ ನೋವು ಅದಕ್ಕಿಲ್ಲ. ಕೋಡು ಉಗುರಿನಂತೆ ನಿರ್ಜೀವವೆಂದು ಅನೇಕರು ತಿಳಿದಿದ್ದಾರೆ. ಹೊರಗಿನ ಕವಚ ಮಾತ್ರ ಹಾಗೆ, ಒಳಗೆ ರಕ್ತವೂ ನರವೂ ತುಂಬಿದ ಎಲುಬಿದೆ, ದನ ಬೆಳೆದಂತೆ ಹಣೆಯ ಎಲುಬಿನೊಳಗಿನ ಪೊಳ್ಳು ಆ ಎಲುಬಿನೊಳಕ್ಕೂ ಚಾಚಿಕೊಳ್ಳುತ್ತದೆ. ನನ್ನ ಸೇವೆಯ ಆರಂಭದ ವರ್ಷಗಳಲ್ಲಿ, ಹಾಯುತ್ತದೆಂಬ ಕಾರಣಕ್ಕೆ ಗರಗಸದಿಂದ ಕೋಡು ಕೊಯ್ಯಿಸಿದ ಹಸುವೊಂದನ್ನು ನೋಡಲು ಹೋಗಿದ್ದೆ. ಮಳೆಗಾಲವಾಗಿತ್ತು, ತೆರೆದ ಪೊಳ್ಳಿನಲ್ಲಿ ಹುಳುಗಳಾಗಿದ್ದವು, ಮೂಗಿನಿಂದ ಕೀವು ಸುರಿಯುತ್ತಿತ್ತು. ಆ ಹಸು ಬದುಕಿತು, ಆದರೆ ಅದು ಪಟ್ಟ ಪಾಡನ್ನು ನಾನು ಮರೆತಿಲ್ಲ. ಕೋಡು ಬೇಡವೆಂದಾದರೆ ಮೊದಲ ಕೆಲವು ವಾರಗಳಲ್ಲೇ, ನೋವು ತಿಳಿಯದಂತೆ ಚುಚ್ಚುಮದ್ದು ಕೊಟ್ಟ ಮೇಲೆ, ಪಶುವೈದ್ಯರೇ ಮೊಗ್ಗನ್ನು ಸುಡಬೇಕು. ಚುಚ್ಚುಮದ್ದಿಲ್ಲದೆ ಹಾಗೆಯೇ ಸುಡುವುದನ್ನು ನಾನು ಯಾವ ಕಾರಣಕ್ಕೂ ಒಪ್ಪುವುದಿಲ್ಲ.

ಹಾಗೆಂದು ಎಲ್ಲ ದನಗಳೂ ಬೋಳಾಗಲಿ ಎನ್ನುವವನೂ ನಾನಲ್ಲ. ನಮ್ಮ ಘಟ್ಟದ ಮೇಲಿನ ಮಲೆನಾಡು ಗಿಡ್ಡ ದನಗಳು ಬೆಳಿಗ್ಗೆ ಬೆಟ್ಟಕ್ಕೆ ಹೋಗಿ ಸಂಜೆ ತಾವಾಗಿಯೇ ಹಿಂದಿರುಗುವಂಥವು; ಅವುಗಳ ಚಿಕ್ಕ ಕೋಡು ಕಾಡಿನಲ್ಲಿ ಅವುಗಳಿಗಿರುವ ಒಂದೇ ಆಯುಧ, ಹಿಂಡಿನೊಳಗೆ ಯಾರು ಮುಂದೆ ಯಾರು ಹಿಂದೆ ಎಂಬುದೂ ಅದರಿಂದಲೇ ತೀರ್ಮಾನವಾಗುತ್ತದೆ. ಆ ತಳಿಗೆ ಬೋಳುತನ ತರಬೇಕೆಂದರೆ ಬೇರೆ ತಳಿಯ ರಕ್ತ ಬೆರೆಸಬೇಕಾಗುತ್ತದೆ, ಹಾಗೆ ಬೆರೆಸಿದ ಮೇಲೆ ಅದು ಗಿಡ್ಡವಾಗಿ ಉಳಿಯುವುದಿಲ್ಲ. ಇಕ್ಕಟ್ಟಾದ ಕೊಟ್ಟಿಗೆಯಲ್ಲಿ ಕಟ್ಟಿ ಸಾಕುವ ಮಿಶ್ರತಳಿಯ ಮಾತು ಬೇರೆ. ಅಲ್ಲಿ ಕೋಡಿಲ್ಲದಿರುವುದು ಹಾಲು ಕರೆಯುವವರ ಕಣ್ಣಿಗೂ ಪಕ್ಕದ ದನದ ಕೆಚ್ಚಲಿಗೂ ಕ್ಷೇಮ.

ಸಾಕುವಾಗ ಎರಡು ವಿಷಯಗಳಲ್ಲಿ ಎಚ್ಚರವಿರಲಿ. ಕುತ್ತಿಗೆಗೆ ಕಟ್ಟಿದ ಕಣ್ಣಿ ಸಡಿಲವಾಗಿದ್ದರೆ, ತಡೆಯಲು ಕೋಡಿಲ್ಲದ ಕಾರಣ, ಬೋಳು ದನ ತಲೆ ತಗ್ಗಿಸಿ ಹಿಂದೆ ಜಗ್ಗಿ ಕಳಚಿಕೊಳ್ಳುತ್ತದೆ. ನಮ್ಮದು ಹಾಗೆ ಎರಡು ಸಲ ನೆರೆಯವರ ಗದ್ದೆಗೆ ನುಗ್ಗಿದ ಮೇಲೆ ನಾವು ಮೂತಿಯ ಸುತ್ತ ಹಾದು ಕಿವಿಯ ಹಿಂದೆ ಬರುವ ಹಗ್ಗ ಹಾಕಿದ್ದೇವೆ. ಕೋಡಿನ ದನದ ಪಕ್ಕದಲ್ಲಿ ಕಟ್ಟಿದರೆ ಅದು ಅಕ್ಕಚ್ಚಿನ ಬಾನಿಯಿಂದ ಹಿಂದೆ ಸರಿಯುತ್ತದೆ, ಆದ್ದರಿಂದ ಬಾನಿಯನ್ನು ಬೇರೆಯಾಗಿಯೇ ಇಡಿ. ದೀಪಾವಳಿಯ ಗೋಪೂಜೆಯಂದು ಕೋಡಿಗೆ ಬಣ್ಣ ಹಚ್ಚಲಾಗದೆಂಬ ಚಿಂತೆ ಮನೆಯವರಿಗಿದ್ದರೆ, ನಾವು ನಮ್ಮ ಬೋಳು ದನದ ಹಣೆಗೆ ಕೆಮ್ಮಣ್ಣು ಹಚ್ಚಿ, ಉಳಿದವಕ್ಕೆ ಹಾಕುವ ಅಡಿಕೆ ಮತ್ತು ಚೆಂಡು ಹೂವಿನ ಮಾಲೆಯನ್ನೇ ಅದರ ಕೊರಳಿಗೂ ಹಾಕುತ್ತೇವೆಂದು ತಿಳಿಸಿ.

ಇನ್ನು ಕೆಲವು ತಿಂಗಳಲ್ಲಿ ಕೋಡಿನ ಜಾಗದಲ್ಲಿ ಬುರುಡೆಗೆ ಅಂಟದೆ ಅಲ್ಲಾಡುವ ಚಿಕ್ಕ ಗಂಟು ಕಾಣಿಸಿಕೊಂಡರೆ ಗಾಬರಿಯಾಗಬೇಡಿ. ತಂದೆತಾಯಿಯರಲ್ಲಿ ಒಬ್ಬರಿಂದ ಮಾತ್ರ ಬೋಳುತನ ಪಡೆದ ದನಗಳಲ್ಲಿ ಇಂಥ ಅರೆಗೋಡು ಬರುವುದುಂಟು. ಅದನ್ನು ಕೀಳಲು ಯಾರಿಗೂ ಬಿಡಬೇಡಿ. ಬಾಗಿ ಚರ್ಮಕ್ಕೆ ಒತ್ತುವಂತೆ ಬೆಳೆದರೆ ಮಾತ್ರ ಪಶುವೈದ್ಯರಿಗೆ ತೋರಿಸಿ.