ಚಿಕ್ಕಂದಿನ ಹ್ಯಾಲೋವೀನ್ ಸಿನಿಮಾವನ್ನು ಮಕ್ಕಳ ಜೊತೆ ಮತ್ತೆ ನೋಡಿದರೆ ಹೇಗಿರುತ್ತದೆ?

ನನ್ನ ಪಾಲಿಗೆ ಆ ಸಿನಿಮಾ ‘ಹೋಕಸ್ ಪೋಕಸ್’. ಹೋದ ಅಕ್ಟೋಬರ್‌ನಲ್ಲಿ ಎಂಟು ವರ್ಷದ ಮಗಳ ಜೊತೆ ನೋಡಿದೆ. ಚೆನ್ನಾಗಿತ್ತು, ಆದರೆ ನಾನು ಅಂದುಕೊಂಡ ಹಾಗಲ್ಲ.

ನಾನು ಬೆಳೆದದ್ದು ನ್ಯೂಜೆರ್ಸಿಯಲ್ಲಿ. ಸಿನಿಮಾ ಬಂದದ್ದು 1993ರ ಜುಲೈನಲ್ಲಿ. ಹ್ಯಾಲೋವೀನ್ ಅಂದರೆ ಅಕ್ಟೋಬರ್ ಕೊನೆಗೆ ಬರುವ ದೆವ್ವ-ಭೂತಗಳ ಹಬ್ಬ, ಅದರ ಕಥೆಯನ್ನು ಅಲ್ಲಿನ ಬೇಸಿಗೆ ರಜೆಯಲ್ಲಿ ಬಿಟ್ಟರೆ ಯಾರು ನೋಡ್ತಾರೆ ಹೇಳಿ! ಥಿಯೇಟರಿನಲ್ಲಿ ಓಡಲಿಲ್ಲ. ಆಮೇಲೆ ಟೀವಿಯಲ್ಲಿ ಪ್ರತಿ ವರ್ಷ ಹಾಕಿ ಹಾಕಿ ನಮ್ಮಂಥ ಮಕ್ಕಳ ತಲೆಯಲ್ಲಿ ಕೂತುಬಿಟ್ಟಿತು. 1693ರಲ್ಲಿ ಅಮೆರಿಕದ ಸೇಲಂ ಊರಿನಲ್ಲಿ ಗಲ್ಲಿಗೇರಿದ ಮೂವರು ಮಾಟಗಾತಿ ಅಕ್ಕತಂಗಿಯರು, ಒಬ್ಬ ಹುಡುಗ ಮೇಣದಬತ್ತಿ ಹಚ್ಚಿದ್ದಕ್ಕೆ 300 ವರ್ಷದ ಮೇಲೆ ಎದ್ದು ಬರುತ್ತಾರೆ. ಪೊರಕೆ ಕಳುವಾದಾಗ ಒಬ್ಬಳು ವ್ಯಾಕ್ಯೂಮ್ ಕ್ಲೀನರ್ ಹತ್ತಿ ಹಾರುತ್ತಾಳೆ. ಅದಕ್ಕೆ ಇಬ್ಬರೂ ಬಿದ್ದು ಬಿದ್ದು ನಕ್ಕೆವು.

ಒಂದು ಫಜೀತಿ ಇದೆ. ಆ ಮೇಣದಬತ್ತಿಯನ್ನು ‘ವರ್ಜಿನ್’ ಹಚ್ಚಬೇಕು ಅನ್ನುವ ಮಾತು ಮತ್ತೆ ಮತ್ತೆ ಬರುತ್ತದೆ. ಆಗ ಅದು ನನ್ನ ಕಿವಿಗೇ ಬಿದ್ದಿರಲಿಲ್ಲ. ಮಗಳು ಪಟ್ಟಂತ ಕೇಳಿದಳು. ‘ಮದುವೆ ಆಗದವರು’ ಅಂತ ತೇಲಿಸಿದೆ. ‘ಹಾಗಾದ್ರೆ ಮಾಮ ಹಚ್ಚಬಹುದು, ಅಲ್ವಾ?’ ಸೋಫಾದ ಆ ತುದಿಯಲ್ಲಿದ್ದ ನನ್ನ ತಮ್ಮ ನೀರು ಕುಡಿಯೋಕೆ ಎದ್ದು ಹೋದ.

ಮಾಟಗಾತಿಯರು ಹತ್ತಿರ ಬರದ ಹಾಗೆ ಸುತ್ತ ಉಪ್ಪು ಸುರಿಯುವುದು ನನಗೆ ಆಗ ದೊಡ್ಡ ವಿಸ್ಮಯ. ಇವಳಿಗೆ ಏನೂ ಅನ್ನಿಸಲಿಲ್ಲ. ಅಜ್ಜಿ ದೃಷ್ಟಿ ತೆಗೆಯುವುದನ್ನು ನೋಡಿದ್ದಾಳಲ್ಲ. ‘ಮೆಣಸಿನಕಾಯಿ ಮರೆತಿದ್ದಾರೆ’ ಅಂದಳು.

ನಾನು ಹೆದರುತ್ತಿದ್ದದ್ದು ಬಾಯಿ ಹೊಲಿದ ಹೆಣ ಗೋರಿಯಿಂದ ಏಳುವಾಗ. ಇವಳು ಹೆದರಿದ್ದು ಟೌನ್ ಹಾಲ್ ಪಾರ್ಟಿಯಲ್ಲಿ. ಮಕ್ಕಳು ಎಷ್ಟು ಬಡ್ಕೊಂಡರೂ ದೊಡ್ಡವರು ನಂಬುವುದಿಲ್ಲ. ಅಷ್ಟರಲ್ಲಿ ದೊಡ್ಡ ಮಾಟಗಾತಿ ಸ್ಟೇಜ್ ಹತ್ತಿ ಹಾಡುತ್ತಾಳೆ (ಬೆಟ್ ಮಿಡ್ಲರ್, ಚಿಂದಿ ಉಡಾಯಿಸುತ್ತಾಳೆ), ಸಾಯುವವರೆಗೂ ಕುಣಿಯಿರಿ ಅಂತ ಮಾಟ ಹಾಕುತ್ತಾಳೆ. ನನಗೆ ಅದು ಸುಮ್ನೆ ಒಂದು ಒಳ್ಳೇ ಹಾಡು. ಮಗಳು ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡಳು. ‘ಅವರಮ್ಮನಿಗೆ ಕೇಳಿಸ್ತಾನೇ ಇಲ್ಲ.’ ನನ್ನ ಕೈಯಲ್ಲಿ ಫೋನ್ ಇತ್ತು. ಕೆಳಗಿಟ್ಟೆ.

ನಿಮ್ಮ ಮಗು ಇನ್ನೂ ಚಿಕ್ಕದಿದ್ದರೆ ಶುರುವಿನಲ್ಲಿ ಜೊತೆಗೇ ಕೂತಿರಿ. ಒಂದು ಹುಡುಗಿಯ ಪ್ರಾಣ ಹೀರುವುದು, ನೇಣು, ಎಲ್ಲ ಅಲ್ಲೇ ಇದೆ. 2022ರಲ್ಲಿ ಬಂದ ಎರಡನೇ ಭಾಗವನ್ನು ನಾವು ಈ ಅಕ್ಟೋಬರ್‌ಗೆ ಇಟ್ಟುಕೊಂಡಿದ್ದೇವೆ. ಮಾಮ ಮಾತ್ರ ಬರಲ್ಲ ಅಂದಿದ್ದಾನೆ.